ಊರೆಲ್ಲ ತಾಯಿಯ ಕಡೆಗೇ ಬೆರಳು ಮಾಡಿದಾಗ: ‘ವೇರ್ ಆರ್ ದ ಚಿಲ್ಡ್ರನ್?’

ಮೇರಿ ಹಿಗ್ಗಿನ್ಸ್ ಕ್ಲಾರ್ಕ್ ಅವರ ಈ ಕಾದಂಬರಿ ಬಂದದ್ದು 1975ರಲ್ಲಿ. ಬೆಳಗಾವಿಯಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಹಿಡಿದು ಕೂತರೆ ಇಳಿಯುವ ಊರು ಬಂದದ್ದೂ ಗೊತ್ತಾಗುವುದಿಲ್ಲ, ಅಷ್ಟು ಬಿಗಿ.

ಕಥೆ ಅಮೆರಿಕದ ಕೇಪ್ ಕಾಡ್ ಕಡಲ ತೀರದ್ದು. ನ್ಯಾನ್ಸಿಯ ಮೊದಲ ಇಬ್ಬರು ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿ ಕೊಲೆಯಾಗಿದ್ದರು. ಕೊಂದವಳು ತಾಯಿಯೇ ಎಂದು ತೀರ್ಪಾಗಿ, ಆಮೇಲೆ ತಾಂತ್ರಿಕ ಕಾರಣಕ್ಕೆ ಅವಳು ಹೊರಬಂದಳು. ಕೆಂಪು ಕೂದಲಿಗೆ ಬಣ್ಣ ಹಚ್ಚಿ, ಊರು ಬಿಟ್ಟು, ಮರುಮದುವೆಯಾದಳು. ಏಳು ವರ್ಷದ ಮೇಲೆ, ಅವಳ ಹುಟ್ಟುಹಬ್ಬದ ದಿನ, ಅಲ್ಲಿನ ಪತ್ರಿಕೆಯಲ್ಲಿ ಹಳೇ ಪ್ರಕರಣ ಫೋಟೋ ಸಮೇತ ಅಚ್ಚಾಗುತ್ತದೆ. ಅದೇ ಬೆಳಿಗ್ಗೆ ಹೊರಗೆ ಆಡುತ್ತಿದ್ದ ಐದು ವರ್ಷದ ಮೈಕೆಲ್, ಮೂರು ವರ್ಷದ ಮಿಸ್ಸಿ ಕಾಣೆ. ಜೋಕಾಲಿಯ ಹತ್ತಿರ ಒಂದು ಕೆಂಪು ಕೈಗವಸು ಮಾತ್ರ ಉಳಿದಿದೆ. ಒಂದೇ ಒಂದು. ಅಂದರೆ ಮಗುವಿನ ಒಂದು ಕೈ ಆ ಚಳಿಯಲ್ಲಿ ಎಲ್ಲೋ ಬರಿದಾಗಿದೆ. ಲೇಖಕಿ ಇದನ್ನು ಬಿಡಿಸಿ ಹೇಳುವುದಿಲ್ಲ, ಓದುವವರಿಗೆ ತಾನಾಗಿ ಹೊಳೆದು ಕರುಳು ಚುರ್ ಅನ್ನುತ್ತದೆ.

ಮಕ್ಕಳು ಎಲ್ಲಿದ್ದಾರೆಂಬುದನ್ನು ಲೇಖಕಿ ನಮ್ಮಿಂದ ಮುಚ್ಚಿಡುವುದಿಲ್ಲ. ನ್ಯಾನ್ಸಿಯ ಮನೆ ಕಾಣುವಂಥ ಎತ್ತರದ ಮನೆಯೊಂದರಲ್ಲಿ ಒಬ್ಬ ಕೂತಿದ್ದಾನೆಂದು ಆರಂಭದಲ್ಲೇ ಗೊತ್ತಾಗುತ್ತದೆ. ಪೊಲೀಸರು ನೀರಲ್ಲಿ ಹುಡುಕುವಾಗ ‘ಅಲ್ಲಲ್ಲ, ಮೇಲೆ ನೋಡ್ರಿ’ ಎಂದು ಕೂಗಬೇಕು ಅನಿಸುತ್ತದೆ. ಇಡೀ ಕಥೆ ನಡೆಯುವುದು ಒಂದೇ ದಿನದಲ್ಲಿ. ಹೊತ್ತು ಇಳಿದಂತೆ ಬಿರುಗಾಳಿ, ಹಿಮಮಳೆ ಏರುತ್ತವೆ.

ನನಗೆ ಹೆಚ್ಚು ನಾಟಿದ್ದು ಊರಿನ ಮಂದಿ. ಪತ್ರಿಕೆ ಓದಿದ ಅರ್ಧ ದಿನದಲ್ಲೇ ನಿನ್ನೆಯವರೆಗಿನ ನೆರೆಯವಳು ಕೊಲೆಗಾತಿಯಾಗುತ್ತಾಳೆ. ಬಾಗಲಕೋಟೆಯ ಯಾವ ಓಣಿಯ ಕಟ್ಟೆಯಲ್ಲೂ ‘ನನಗ ಮೊದಲೇ ಸಂಶಯ ಇತ್ತು ನೋಡ್ರಿ’ ಎಂಬ ಮಾತು ಇಷ್ಟೇ ಬೇಗ ಹುಟ್ಟೀತು. ತಾಯಿಯ ಮೇಲಿನ ಆ ಸಂಶಯದಲ್ಲಿ ಹುಡುಕುವ ಹೊತ್ತು ಕೈಜಾರುತ್ತದೆ. (ನಮ್ಮಲ್ಲಿ ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಮಕ್ಕಳ ಸಹಾಯವಾಣಿ 1098.)

ಕೊರತೆಗಳೂ ಇವೆ. ಇದೇ ಪ್ರಕರಣದ ಬಗ್ಗೆ ಪುಸ್ತಕ ಬರೆಯುತ್ತಿರುವ ನಿವೃತ್ತ ವಕೀಲರು ಪಕ್ಕದಲ್ಲೇ ಇರುವುದು, ನ್ಯಾನ್ಸಿಯ ತಾಯಿಯನ್ನು ಬಲ್ಲ ಮನೋವೈದ್ಯರು ಅದೇ ದಿನ ಬಂದಿಳಿಯುವುದು ಕಾಕತಾಳೀಯದ ಮಿತಿ ದಾಟುತ್ತದೆ. ಸೋಡಿಯಂ ಅಮಿಟಾಲ್ ಎಂಬ ಮಂಪರಿನ ಔಷಧ ಚುಚ್ಚಿ ಹಳೇ ನೆನಪು ಹೊರತೆಗೆಯುವ ಭಾಗವನ್ನು ಇಂದು ಹಾಗೇ ನಂಬುವುದು ಕಷ್ಟ, ಆ ಮಂಪರಿನಲ್ಲಿ ನಿಜವೂ ಕಲ್ಪನೆಯೂ ಬೆರೆತು ಬರುತ್ತವೆ. ನ್ಯಾನ್ಸಿ ಬಹಳ ಹೊತ್ತು ಅರೆಪ್ರಜ್ಞೆಯಲ್ಲೇ ಇರುವುದರಿಂದ ಅವಳು ಎದ್ದು ನಿಲ್ಲುವುದನ್ನು ಕಾಯಬೇಕಾಗುತ್ತದೆ.

ಮೊದಲ ಅಧ್ಯಾಯಗಳಲ್ಲಿ ಹೆಸರುಗಳು ಒಟ್ಟೊಟ್ಟಿಗೆ ಬರುತ್ತವೆ. ಯಾರು ಯಾರಿಗೆ ಏನಾಗಬೇಕೆಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಹಿಂದಿನ ಪುಟ ತಿರುವುವುದು ತಪ್ಪುತ್ತದೆ. ಇಂಗ್ಲಿಷ್ ಸರಳ, ಅಧ್ಯಾಯಗಳು ಚಿಕ್ಕವು. ಕನ್ನಡ ಮಾಧ್ಯಮದಲ್ಲಿ ಕಲಿತು ಇಂಗ್ಲಿಷ್ ಕಾದಂಬರಿಗೆ ಮೊದಲ ಸಲ ಕೈಹಾಕುವವರಿಗೂ ಹೊಂದುತ್ತದೆ. ಮಕ್ಕಳ ಮೇಲಿನ ದೌರ್ಜನ್ಯದ ಸೂಚನೆಗಳಿವೆ, ಎಳೆಯರ ಕೈಗೆ ಬೇಡ. ಮನೆಯಲ್ಲಿ ಚಿಕ್ಕ ಮಕ್ಕಳಿರುವ ತಾಯಂದಿರು ಹಗಲು ಹೊತ್ತಲ್ಲೇ ಶುರುಮಾಡಿ.