ಕೂಸಿನ ಕೌದಿ: ಚೌಕದ ಕಟ್ಟು, ಪಟ್ಟಿಯ ಸುರುಳಿ, ಹಳೆಯ ಸೀರೆ

ಅಳತೆಗೆ ಕತ್ತರಿಸಿದ ಬಟ್ಟೆಯ ಕಟ್ಟನ್ನು ಕೊಂಡು ತಂದರೆ ಕೂಸಿನ ಕೌದಿ ಅರ್ಧ ಮುಗಿದ ಹಾಗೆ ಎಂಬ ಮಾತು ಹೊಲಿಗೆಯವರ ನಡುವೆ ಓಡಾಡುತ್ತಿರುತ್ತದೆ. ಮೂರು ಬಗೆಯಲ್ಲಿ ಹೊಲಿದು, ಕೂಸುಗಳು ಅವುಗಳ ಮೇಲೆ ಹೊರಳಾಡಿ, ಮತ್ತೆ ಮತ್ತೆ ಒಗೆದು ಒಣಹಾಕಿದ್ದನ್ನು ನೋಡಿದ ಮೇಲೆ ನನ್ನ ಅಭಿಪ್ರಾಯ ಬೇರೆಯೇ ಆಗಿದೆ. ಕಟ್ಟು ಬಗೆಹರಿಸುವುದು ಮೇಲಿನ ಪದರವನ್ನು ಮಾತ್ರ. ಬೆವರು ಹೀರುವುದು, ಮೈಗೆ ಮೆತ್ತಗಿರುವುದು, ಒಗೆತಕ್ಕೆ ತಡೆಯುವುದು ಎಲ್ಲವೂ ಒಳಗೆ ಮತ್ತು ಅಡಿಗೆ ಯಾವ ಬಟ್ಟೆ ಹಾಕಿದ್ದೀರಿ ಎಂಬುದರ ಮೇಲೆ ನಿಂತಿದೆ. ಆದರೂ ಮೇಲ್ಪದರದ ಆಯ್ಕೆಗೆ ಅದರದೇ ತೂಕವಿದೆ. ಹೊಲಿಯುವವರ ಸಮಯ, ತಾಳ್ಮೆ ಎಲ್ಲ ಖರ್ಚಾಗುವುದು ಅಲ್ಲಿಯೇ.

ನಮ್ಮ ಬಳಗದಲ್ಲಿ ಹತ್ತಿರ ಹತ್ತಿರ ಮೂರು ಮನೆಗಳಲ್ಲಿ ತೊಟ್ಟಿಲು ಕಟ್ಟುವ ಸಂದರ್ಭ ಬಂತು. ನ್ಯೂಜೆರ್ಸಿಯಲ್ಲಿರುವ ತಂಗಿ ಅಲ್ಲಿಂದ ಚಾರ್ಮ್ ಪ್ಯಾಕ್ ಎಂಬ ಚೌಕದ ಕಟ್ಟು ಮತ್ತು ಜೆಲ್ಲಿ ರೋಲ್ ಎಂಬ ಪಟ್ಟಿಯ ಸುರುಳಿ ಕಳಿಸಿದಳು. ಧಾರವಾಡದ ಮನೆಯ ಟ್ರಂಕಿನಲ್ಲಿ ಅವ್ವನ ಹಳೆಯ ನೂಲಿನ ಸೀರೆಗಳಿದ್ದವು. ಮೂರಕ್ಕೂ ಒಂದೇ ಅಂದಾಜು ಇಟ್ಟುಕೊಂಡೆ: ಅಗಲ 36 ಇಂಚು, ಉದ್ದ 40 ಇಂಚಿನ ಆಸುಪಾಸು. ಇದು ನೆಲದ ಮೇಲೆ ಹಾಸಿ ಕೂಸನ್ನು ಬೋರಲು ಮಲಗಿಸಿ ಆಡಿಸುವ ಅಳತೆ. ರಾತ್ರಿ ಹೊದಿಸುವುದಕ್ಕಲ್ಲ. ಒಂದು ವರ್ಷ ತುಂಬದ ಕೂಸು ನಿದ್ದೆ ಮಾಡುವ ಜಾಗದಲ್ಲಿ ಸಡಿಲ ಹೊದಿಕೆ, ದಿಂಬು ಯಾವುದೂ ಇರಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಮುಖದ ಮೇಲೆ ಬಂದರೆ ಸರಿಸಿಕೊಳ್ಳಲು ಅದಕ್ಕೆ ಆಗುವುದಿಲ್ಲ. ಕೌದಿ ಎಷ್ಟೇ ಪ್ರೀತಿಯಿಂದ ಹೊಲಿದದ್ದಾದರೂ ಈ ಮಾತನ್ನು ಕೊಡುವಾಗಲೇ ಹೇಳಿ ಕೊಡಬೇಕು. ಗುಂಡಿ, ಮಣಿ, ಕನ್ನಡಿ, ಜರಿ ಇವನ್ನು ಮೂರು ಕೌದಿಗಳಲ್ಲಿ ಯಾವುದಕ್ಕೂ ಹಾಕಲಿಲ್ಲ.

ಮೊದಲು ಚೌಕದ ಕಟ್ಟು. ಚಾರ್ಮ್ ಪ್ಯಾಕ್ ಎಂದರೆ ಐದು ಇಂಚಿನ ಚೌಕಗಳು. ಮೊಡಾ ಕಂಪನಿಯ ಕಟ್ಟಿನಲ್ಲಿ ಸಾಮಾನ್ಯವಾಗಿ 42 ಇರುತ್ತವೆ, ಎಲ್ಲವೂ ಒಂದೇ ಸರಣಿಯ ಮುದ್ರಣಗಳು. ಕಾಲಿಂಚು ಅಂಚು ಬಿಟ್ಟು ಹೊಲಿದ ಮೇಲೆ ಚೌಕವೊಂದು ನಾಲ್ಕೂವರೆ ಇಂಚಿಗೆ ಇಳಿಯುತ್ತದೆ. ಒಂದೇ ಕಟ್ಟಿನಲ್ಲಿ ಮಾಡಿದರೆ 27 ಇಂಚು ಅಗಲ, ಮೂವತ್ತೊಂದೂವರೆ ಇಂಚು ಉದ್ದ ಬರುತ್ತದೆ. ಗಾಡಿಯಲ್ಲಿ ಕೂಸಿನ ಕಾಲ ಮೇಲೆ ಹಾಕಲು ಸಾಕು, ನೆಲಕ್ಕೆ ಹಾಸಲು ಸಾಲದು. ಎಂಟು ಚೌಕದ ಒಂಬತ್ತು ಸಾಲಿಗೆ 72 ಬೇಕು, ಅಂದರೆ ಎರಡು ಕಟ್ಟು. ಹನ್ನೆರಡು ಚೌಕ ಉಳಿಯುತ್ತವೆ. ಅವುಗಳಲ್ಲಿ ಕುಲಾವಿಗೆ ಅಂಚು ಕಟ್ಟಬಹುದು.

ಚೌಕಗಳ ದೊಡ್ಡ ಗುಣವೆಂದರೆ ನೆಲದ ಮೇಲೆ ಹರಡಿಕೊಂಡು ನೋಡಬಹುದು, ಮನಸ್ಸು ಬದಲಿಸಬಹುದು. ಒಂದೇ ಸರಣಿಯ ಬಟ್ಟೆಗಳಾದ್ದರಿಂದ ಬಣ್ಣ ಜಗಳವಾಡುವುದಿಲ್ಲ, ಆದರೆ ಎಲ್ಲವೂ ಒಂದೇ ಮಟ್ಟದ ತಿಳಿಬಣ್ಣವಾಗಿ ಕಲಸಿಹೋಗುವ ಅಪಾಯವಿದೆ. ಮೊಬೈಲಿನಲ್ಲಿ ಕಪ್ಪು ಬಿಳುಪು ಚಿತ್ರ ತೆಗೆದು ನೋಡಿದರೆ ಗಾಢ ಯಾವುದು, ತಿಳಿ ಯಾವುದು ಎಂದು ತಕ್ಷಣ ತಿಳಿಯುತ್ತದೆ. ಮೊದಲ ತಿಂಗಳುಗಳಲ್ಲಿ ಕೂಸಿನ ಕಣ್ಣು ಹಿಡಿಯುವುದು ಗಾಢ ತಿಳಿ ಬಣ್ಣಗಳ ವ್ಯತ್ಯಾಸವನ್ನೇ. ಆದ್ದರಿಂದ ಗಾಢ ಚೌಕದ ಪಕ್ಕ ತಿಳಿ ಚೌಕ ಬರುವಂತೆ ಜೋಡಿಸಿದೆ.

ಕಷ್ಟವಿರುವುದು ಮೂಲೆಗಳಲ್ಲಿ. ನಾಲ್ಕು ಚೌಕ ಸೇರುವ ಕಡೆ ಮೂಲೆಗೆ ಮೂಲೆ ಕೂರಬೇಕು. ಇದಕ್ಕೆ ಇಸ್ತ್ರಿಯೇ ಮದ್ದು. ಒಂದು ಸಾಲಿನ ಅಂಚುಗಳನ್ನು ಎಡಕ್ಕೆ, ಮುಂದಿನ ಸಾಲಿನವನ್ನು ಬಲಕ್ಕೆ ಮಡಚಿ ಒತ್ತಿದರೆ, ಎರಡು ಸಾಲು ಜೋಡಿಸುವಾಗ ಅಂಚುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಬೆರಳಿನಿಂದ ತಡವಿದರೇ ಗೊತ್ತಾಗುತ್ತದೆ: ಏಣು ಇಲ್ಲದೆ ಸಪಾಟಾಗಿದ್ದರೆ ಸರಿಯಾಗಿ ಕೂತಿದೆ. ಅಲ್ಲಿಗೊಂದು ಗುಂಡುಸೂಜಿ ಚುಚ್ಚಿ ಹೊಲಿಯಬೇಕು. ಕಟ್ಟಿನ ಚೌಕಗಳ ಅಂಚು ಗರಗಸದ ಹಲ್ಲಿನಂತೆ ಕತ್ತರಿಸಿರುತ್ತದೆ. ಅಳತೆಯನ್ನು ಹಲ್ಲಿನ ತುದಿಯಿಂದ ಹಿಡಿಯಬೇಕೋ ತಗ್ಗಿನಿಂದಲೋ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಹೊಲಿಯುವ ಮೊದಲು ಒಂದು ಚೌಕವನ್ನು ಅಳೆಪಟ್ಟಿಯ ಮೇಲೆ ಇಟ್ಟು ನೋಡಿಕೊಂಡರೆ ಆಯಿತು. ಬೇರೆ ಬೇರೆ ಕಂಪನಿಯ ಕಟ್ಟುಗಳನ್ನು ಒಂದೇ ಕೌದಿಯಲ್ಲಿ ಬೆರೆಸದಿರುವುದು ಒಳ್ಳೆಯದು.

ಪಟ್ಟಿಯ ಸುರುಳಿ ಕೈಗೆ ಬಂದಾಗ ಬಿಚ್ಚಲು ಮನಸ್ಸಾಗದಷ್ಟು ಚೆಂದ. ಜೆಲ್ಲಿ ರೋಲಿನಲ್ಲಿ ಎರಡೂವರೆ ಇಂಚು ಅಗಲದ, ಬಟ್ಟೆಯ ಪೂರ್ತಿ ಪನ್ನದಷ್ಟು (ಅಂದರೆ ಥಾನಿನ ಅಗಲದಷ್ಟು) ಉದ್ದದ ಸುಮಾರು ನಲವತ್ತು ಪಟ್ಟಿಗಳಿರುತ್ತವೆ. ಕೂಸಿನ ಕೌದಿಗೆ ಹದಿನೆಂಟು ಪಟ್ಟಿ ಸಾಕು: ಹೊಲಿದ ಮೇಲೆ ಒಂದೊಂದು ಎರಡು ಇಂಚು, ಒಟ್ಟು 36. ಲೆಕ್ಕ ಹಾಕಿದರೆ ಚೌಕದ ಕೌದಿಯಲ್ಲಿ ಹೊಲಿಗೆಯ ಉದ್ದ ಸುಮಾರು 600 ಇಂಚು, ಪಟ್ಟಿಯದರಲ್ಲಿ 700 ದಾಟುತ್ತದೆ. ಆದರೂ ಪಟ್ಟಿಯದು ಬೇಗ ಮುಗಿಯುತ್ತದೆ. ಚೌಕಕ್ಕೆ 71 ಬೇರೆ ಬೇರೆ ಹೊಲಿಗೆ, ಪಟ್ಟಿಗೆ 17 ಮಾತ್ರ. ಹೊಂದಿಸಬೇಕಾದ ಮೂಲೆ ಒಂದೂ ಇಲ್ಲ.

ಹಾಗಿದ್ದೂ ಮೂರರಲ್ಲಿ ನಾನು ಕೊನೆಯ ಸ್ಥಾನ ಕೊಡುವುದು ಇದಕ್ಕೇ. ಪಟ್ಟಿಗಳನ್ನು ಪನ್ನದ ಅಡ್ಡಕ್ಕೆ ಕತ್ತರಿಸಿರುತ್ತಾರೆ. ಬಟ್ಟೆ ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಹಿಗ್ಗುವುದರಿಂದ ಕೈ ಸ್ವಲ್ಪ ಎಳೆದರೂ ಅಲೆ ಏಳುತ್ತದೆ. ಎಲ್ಲ ಹೊಲಿಗೆಗಳನ್ನೂ ಒಂದೇ ತುದಿಯಿಂದ ಶುರುಮಾಡಿದರೆ ಇಡೀ ಬಟ್ಟೆ ಒಂದು ಕಡೆ ಬಾಗುತ್ತದೆ; ಒಂದು ಪಟ್ಟಿಯನ್ನು ಮೇಲಿನಿಂದ, ಮುಂದಿನದನ್ನು ಕೆಳಗಿನಿಂದ ಹೊಲಿದರೆ ಮಾತ್ರ ನೇರ ನಿಲ್ಲುತ್ತದೆ. ಅಂಚಿನ ಲೆಕ್ಕವೂ ಇಲ್ಲಿ ಬಿಗಿ. ಕಾಲಿಂಚಿಗಿಂತ ಇಂಚಿನ ಹದಿನಾರನೇ ಒಂದು ಪಾಲು ಹೆಚ್ಚು ಹಿಡಿದರೆ, ಎರಡೂ ಬದಿಯ ಬಟ್ಟೆ ಸೇರಿ ಒಂದು ಹೊಲಿಗೆಗೆ ಎಂಟನೇ ಒಂದು ಪಾಲು ನುಂಗಿಹೋಗುತ್ತದೆ. ಚೌಕದ ಸಾಲಿನಲ್ಲಿ ಏಳು ಹೊಲಿಗೆಗೆ ಅದು ಒಂದು ಇಂಚಿನೊಳಗೆ. ಪಟ್ಟಿಯಲ್ಲಿ ಹದಿನೇಳು ಹೊಲಿಗೆಗೆ ಎರಡು ಇಂಚು ಮಾಯ. ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೆ ಕಾಣುವುದೇನು? ಎರಡು ಇಂಚಿನಲ್ಲಿ ಆನೆಯ ಚಿತ್ರವಿದ್ದರೆ ಸೊಂಡಿಲು ಒಂದು ಕಡೆ, ಕಾಲು ಇನ್ನೊಂದು ಕಡೆ. ದೊಡ್ಡ ಹಾಸಿಗೆಯ ಮೇಲೆ ಪಟ್ಟಿಗಳು ಹರಿದಾಡಲು ಜಾಗವಿರುತ್ತದೆ. ಇಷ್ಟು ಚಿಕ್ಕ ಅಳತೆಯಲ್ಲಿ ಪಟ್ಟಾಪಟ್ಟಿ ಜಮಖಾನದ ಹಾಗೆ ಕಾಣುತ್ತದೆ.

ಪಟ್ಟಿಗಳನ್ನು ತುದಿಗೆ ತುದಿ ಜೋಡಿಸಿ ಒಂದೇ ಉದ್ದನೆಯ ಪಟ್ಟಿ ಮಾಡಿ, ಅದನ್ನು ನಡುವೆ ಮಡಚಿ ಹೊಲಿದು, ಮತ್ತೆ ಮಡಚಿ ಹೊಲಿಯುವ ಇನ್ನೊಂದು ವಿಧಾನವಿದೆ. ಇಪ್ಪತ್ತು ಪಟ್ಟಿಗೆ ಸುಮಾರು 32 ಇಂಚು ಅಗಲ, 50 ಇಂಚು ಉದ್ದ ಬರುತ್ತದೆ. ಯಾವ ಬಣ್ಣದ ಪಕ್ಕ ಯಾವುದು ಬರುತ್ತದೆಂಬ ಹಿಡಿತ ನಮ್ಮ ಕೈಯಲ್ಲಿರುವುದಿಲ್ಲ. ನನಗೆ ಹಿಡಿತ ಬೇಕು.

ಇನ್ನು ಹಳೆಯ ಸೀರೆ. ಹಸುಗೂಸಿಗೆ ಮೊದಲು ಹಳೆಯ ಮೆತ್ತನೆಯ ಬಟ್ಟೆಯೇ ಆಗಬೇಕೆಂಬ ರೂಢಿ ನಮ್ಮ ಕಡೆ ಇದೆ, ಮತ್ತು ಆ ರೂಢಿಯಲ್ಲಿ ವಿವೇಕವಿದೆ. ನೂರಾರು ಒಗೆತ ಕಂಡ ನೂಲಿನಲ್ಲಿ ಗಂಜಿಯಿಲ್ಲ, ಬಿಡುವ ಬಣ್ಣ ಬಿಟ್ಟಾಗಿದೆ, ಕುಗ್ಗುವಷ್ಟು ಕುಗ್ಗಿಯಾಗಿದೆ. ಹೊಸ ಬಟ್ಟೆಗೆ ಈ ಮೂರನ್ನೂ ನಾವು ಕಾಯಬೇಕು. ಆದರೆ ಹಳೆಯದೆಲ್ಲ ಕೌದಿಗೆ ಬರುವುದಿಲ್ಲ. ಸೀರೆಯನ್ನು ಕಿಟಕಿಗೆ ಹಿಡಿದು ನೋಡಿದರೆ ಸವೆದ ಜಾಗ ಬೆಳಕಿಗೆ ಜಾಲರಿಯಾಗಿ ಕಾಣುತ್ತದೆ. ಅಲ್ಲಿ ಎರಡು ಹೆಬ್ಬೆರಳಿನಿಂದ ಅಡ್ಡಕ್ಕೆ ಎಳೆದಾಗ ಚರ್ರೆಂದರೆ ಅಷ್ಟನ್ನು ಕತ್ತರಿಸಿ ತೆಗೆಯಬೇಕು. ಇಳಕಲ್ ಸೀರೆಯಾದರೆ ಒಡಲಿನ ನೂಲು ಉತ್ತಮ, ರೇಷ್ಮೆಯ ಸೆರಗು ಕೂಸಿನ ಕೌದಿಗೆ ಬೇಡ. ದಿನಬಿಟ್ಟು ದಿನ ಒಗೆಯುವುದನ್ನು ಅದು ತಡೆಯುವುದಿಲ್ಲ. ಐದೂವರೆ ಮೀಟರಿನ ಒಂದು ಗಟ್ಟಿ ನೂಲಿನ ಸೀರೆಯಲ್ಲಿ ಈ ಅಳತೆಯ ಐದು ಪದರ ಸಿಗುತ್ತವೆ.

ಹೊಲಿಯುವ ರೀತಿಯೇ ಬೇರೆ. ಕಟ್ಟಿನ ಕೌದಿಯಲ್ಲಿ ಮೊದಲು ಮೇಲ್ಪದರ ತಯಾರಾಗುತ್ತದೆ, ಆಮೇಲೆ ಮೂರು ಪದರಗಳನ್ನು ಸೇರಿಸಿ ಹೊಲಿಯುತ್ತೇವೆ. ನಮ್ಮ ಕೌದಿಯಲ್ಲಿ ಎರಡೂ ಕೆಲಸ ಒಟ್ಟಿಗೆ ಸಾಗುತ್ತವೆ. ಅಡಿಯ ಸೀರೆಯನ್ನು ನೆಲಕ್ಕೆ ಹಾಸಿ, ಪದರ ಇಟ್ಟು, ಕಚ್ಚಾ ಹೊಲಿಗೆ ಹಾಕಿ, ತುಂಡುಗಳನ್ನು ಅಂಚು ಮಡಚುತ್ತಾ ಮೇಲಿಟ್ಟು ಓಡು ಹೊಲಿಗೆಯಿಂದ ಹೊರಗಿನಿಂದ ಒಳಕ್ಕೆ ಸುತ್ತುತ್ತಾ ಬರಬೇಕು. ಹೊಲಿಗೆಯ ಸಾಲಿಗೂ ಸಾಲಿಗೂ ಬೆರಳಿನ ಅಗಲ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರು ಹೊಲಿಯುವ ಕವಂದಿ ಎಂಬ ಕೌದಿಯೂ ಹೀಗೆಯೇ ಅಂಚಿನಿಂದ ನಡುವಿಗೆ ಸಾಗುತ್ತದೆ. ಅವರು ನಾಲ್ಕು ಮೂಲೆಗಳಿಗೂ ಬಟ್ಟೆ ಮಡಚಿದ ತ್ರಿಕೋನದ ಹೂವು ಕೂರಿಸುತ್ತಾರೆ, ಅದಿಲ್ಲದೆ ಕವಂದಿ ಪೂರ್ತಿಯಾಗುವುದಿಲ್ಲ. ಆ ಕೆಲಸದ ಮುಂದೆ ಎಷ್ಟು ಹೊತ್ತು ಕೂತರೂ ನನಗೆ ತೃಪ್ತಿಯಾಗುವುದಿಲ್ಲ. ಅಳತೆಪಟ್ಟಿಯಿಲ್ಲದೆ, ನಕ್ಷೆಯಿಲ್ಲದೆ ಬಣ್ಣಗಳು ತಮ್ಮ ಜಾಗ ಹುಡುಕಿಕೊಂಡಿರುತ್ತವೆ. ಕೂಸಿನ ಕೌದಿಗೆ ಮೂಲೆಯ ಹೂವನ್ನು ಸಡಿಲ ಬಿಡದೆ ಮೂರೂ ಬದಿ ಒತ್ತಾಗಿ ಹೊಲಿದೆ, ಬಾಯಿಗಿಟ್ಟು ಎಳೆದರೂ ಬರಬಾರದು.

ಸಮಯದ ಮಾತು ಬಂದರೆ ಸೀರೆಯ ಕೌದಿ ಕೇಳುವುದು ವಾರಗಟ್ಟಲೆ ಸಂಜೆಗಳನ್ನು. ಹೆರಿಗೆಯ ದಿನ ಹತ್ತಿರವಿದ್ದರೆ ಇದಕ್ಕೆ ಕೈಹಾಕುವುದು ಬೇಡ. ಆದರೆ ಕೈಹೊಲಿಗೆಗೆ ಇದಕ್ಕಿಂತ ಹಿತವಾದ ಬಟ್ಟೆ ಇಲ್ಲ, ಸೂಜಿ ತಡೆಯಿಲ್ಲದೆ ಇಳಿಯುತ್ತದೆ. ಚೌಕದ ಕೌದಿಯಲ್ಲಿ ಮೂಲೆಗಳ ಬಳಿ ಅಂಚುಗಳು ಒಟ್ಟುಗೂಡಿ ದಪ್ಪವಾಗುವುದರಿಂದ ಸೂಜಿ ಅಲ್ಲಿ ಹಟ ಮಾಡುತ್ತದೆ. ಅದಕ್ಕೆ ಯಂತ್ರವೇ ಸರಿ. ಪದರಗಳು ಜರುಗದಂತೆ ಯಂತ್ರಕ್ಕೆ ವಾಕಿಂಗ್ ಫುಟ್ (ಮೇಲಿನ, ಕೆಳಗಿನ ಬಟ್ಟೆಯನ್ನು ಒಟ್ಟಿಗೆ ಸರಿಸುವ ಪಾದ) ಹಾಕಿ, ಹೊಲಿಗೆಯನ್ನು ಮೂರು ಮಿಲಿಮೀಟರಿಗೆ ಉದ್ದ ಮಾಡಿಕೊಳ್ಳಬೇಕು.

ಒಳಪದರಕ್ಕೆ ಬರುತ್ತೇನೆ, ನಿಜವಾದ ಸ್ಪರ್ಧೆ ಇಲ್ಲಿದೆ. ಪಟ್ಟಿಯ ಕೌದಿಗೆ ಪಾಲಿಯೆಸ್ಟರ್ ಹಾಳೆ ಹಾಕಿದ್ದೆ. ಹಗುರ, ಉಬ್ಬು, ಬೇಗ ಒಣಗುತ್ತದೆ, ನೋಡಲು ಅಂಗಡಿಯದರಂತೆ ನುಣುಪು. ಹುಬ್ಬಳ್ಳಿಯ ಏಪ್ರಿಲ್ ಸೆಖೆಯಲ್ಲಿ ಅದರ ಮೇಲೆ ಮಲಗಿದ ಕೂಸಿನ ಬೆನ್ನು ಬೆವರಿ ಅಂಟುತ್ತಿತ್ತು. ತಂಗಿಯ ಮಗುವಿನ ಚೌಕದ ಕೌದಿಗೆ ಹತ್ತಿಯ ಹಾಳೆ ಹಾಕಿದೆ. ಅದು ಮೊದಲ ಒಗೆತಕ್ಕೆ ಕುಗ್ಗಿ ಕೌದಿಗೆ ಸಣ್ಣ ಸುಕ್ಕು ಕೊಡುತ್ತದೆ, ಆ ಸುಕ್ಕಿಗೇ ಒಂದು ಅಂದ. ಹೊಲಿಗೆಯ ಸಣ್ಣ ಓರೆಕೋರೆಯೆಲ್ಲ ಅದರಲ್ಲಿ ಅಡಗುತ್ತದೆ. ಹೊಲಿಗೆಗಳ ನಡುವೆ ಎಷ್ಟು ಅಂತರ ಬಿಡಬಹುದೆಂದು ಹಾಳೆಯ ಪೊಟ್ಟಣದ ಮೇಲೆ ಬರೆದಿರುತ್ತಾರೆ, ಅದನ್ನು ಮೀರಿದರೆ ಹತ್ತಿ ಮುದ್ದೆಗಟ್ಟುತ್ತದೆ. ಮೂರನೆಯದಕ್ಕೆ ಒಳಗೂ ಸೀರೆಯೇ. ಎತ್ತಿದರೆ ತೂಕ, ಮುಟ್ಟಿದರೆ ತಂಪು. ಧಾರವಾಡ, ಹುಬ್ಬಳ್ಳಿ, ಬೆಂಗಳೂರಿಗೆ ಇದಕ್ಕೆ ಸಾಟಿಯಿಲ್ಲ. ನ್ಯೂಜೆರ್ಸಿಯ ಚಳಿಗೆ ಹತ್ತಿಯ ಹಾಳೆಯೇ ವಾಸಿ.

ಒಗೆತದಲ್ಲಿ ಕಟ್ಟಿನ ಬಟ್ಟೆಗೆ ಒಂದು ಕೊರತೆಯಿದೆ: ಹೊಲಿಯುವ ಮೊದಲು ಒಗೆಯುವಂತಿಲ್ಲ. ಒಗೆದರೆ ಅಂಚು ಬಿಚ್ಚಿ, ಅಳತೆ ಕೆಟ್ಟು, ಸುರುಳಿಯ ಪಟ್ಟಿಗಳಂತೂ ಗಂಟಾಗುತ್ತವೆ. ಹಾಗಾಗಿ ಕೆಂಪು, ಕಡುನೀಲಿ ತುಂಡುಗಳನ್ನು ಒದ್ದೆ ಬಿಳಿಬಟ್ಟೆಯಿಂದ ಉಜ್ಜಿ ನೋಡಿದೆ. ಬಣ್ಣ ಅಂಟಿದ ತುಂಡನ್ನು ಕೂಸಿನ ಕೌದಿಗೆ ಸೇರಿಸಲೇಬಾರದು, ಅದು ಬಾಯಿಗೆ ಹೋಗುವ ಬಟ್ಟೆ.

ಇದನ್ನು ದಾಟಲು ಸುಲಭ ದಾರಿ, ಚೌಕಗಳನ್ನು ನಾವೇ ಕತ್ತರಿಸುವುದು. ಆಮದು ಕಟ್ಟಿನ ಬೆಲೆಯಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಮೀಟರುಗಟ್ಟಲೆ ಒಳ್ಳೆಯ ಹತ್ತಿ ಬಟ್ಟೆ ಸಿಗುತ್ತದೆ. 44 ಇಂಚು ಪನ್ನದ ಐದು ಬಗೆಯ ಬಟ್ಟೆ, ತಲಾ 30 ಸೆಂಟಿಮೀಟರ್ ತಂದರೆ 80 ಚೌಕ. ಮೊದಲೇ ಒಗೆದು ಇಸ್ತ್ರಿ ಮಾಡಿ ಕತ್ತರಿಸಬಹುದು. ಕತ್ತರಿಯಲ್ಲಿ ಕೈ ಪಳಗಿದವರಿಗೆ ಕಟ್ಟು ಬೇಕಿಲ್ಲ. ಮೊದಲ ಸಲ ಹೊಲಿಯುವವರು ಮಾತ್ರ ಕಟ್ಟಿನ ಚೌಕವನ್ನೇ ಕೊಳ್ಳಲಿ. ಎಲ್ಲ ಚೌಕವೂ ಒಂದೇ ಅಳತೆಯಲ್ಲಿದ್ದರೆ ಅರ್ಧ ತಲೆನೋವು ಹುಟ್ಟುವುದೇ ಇಲ್ಲ.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದು, ಮೇಲೆ ಚೌಕ, ಒಳಗೆ ಮತ್ತು ಅಡಿಗೆ ಹಳೆಯ ನೂಲಿನ ಸೀರೆ. ಸೀರೆಯ ಪದರಗಳು ತೆಳುವಾಗಿರುವುದರಿಂದ ಚೌಕದ ಹೊಲಿಗೆಯಿಂದ ಕಾಲಿಂಚು ದೂರದಲ್ಲಿ ಕೈಯಿಂದಲೇ ಓಡು ಹೊಲಿಗೆ ಹಾಕಬಹುದು, ದಪ್ಪ ಮೂಲೆಗಳು ತಾನಾಗಿ ತಪ್ಪುತ್ತವೆ. ಪಟ್ಟಿಯ ಸುರುಳಿ ಮನೆಯಲ್ಲಿದ್ದರೆ ಅದನ್ನು ಅಂಚುಪಟ್ಟಿಗೆ ಇಡಿ. ಎರಡೂವರೆ ಇಂಚು ಅಗಲವೆಂದರೆ ಉದ್ದಕ್ಕೆ ಎರಡಾಗಿ ಮಡಚಿ ಕೌದಿಯ ಸುತ್ತ ಕಟ್ಟಲು ತಕ್ಕ ಅಗಲ. ಈ ಅಳತೆಯ ಕೌದಿಗೆ ನಾಲ್ಕು ಪಟ್ಟಿ ಕೂದಲೆಳೆಯಲ್ಲಿ ಸಾಲದೆ ಹೋಗುತ್ತವೆ, ಐದು ತೆಗೆದಿಟ್ಟುಕೊಳ್ಳಿ. ಜೋಡಣೆಯನ್ನು ಓರೆಯಾಗಿ ಹೊಲಿದರೆ ಅಂಚಿನಲ್ಲಿ ಗಂಟು ಕಟ್ಟಿದಂತೆ ದಪ್ಪವಾಗುವುದಿಲ್ಲ.