ಜಗಳ ಆಡಿದವರನ್ನು ಅಕ್ಕಪಕ್ಕ ಇಡುವ ಪುಸ್ತಕದಂಗಡಿ

ಬಸವನಗುಡಿಯ ಈ ಹಳೆ ಪುಸ್ತಕದಂಗಡಿಗೆ ಎರಡು ವರ್ಷದಿಂದ ಹೋಗುತ್ತಿದ್ದೇನೆ. ಕನ್ನಡ ಕಾದಂಬರಿ, ಮಕ್ಕಳ ಪುಸ್ತಕ, ಪರೀಕ್ಷೆಯ ಗೈಡು ಎಲ್ಲ ಸಿಗುತ್ತವೆ. ನಾನು ಬರೆಯಲು ಕೂತಿದ್ದು ಮೆಟ್ಟಿಲ ಪಕ್ಕದ ಒಂದೇ ಒಂದು ಕಪಾಟಿನ ಬಗ್ಗೆ. ಅಮೆರಿಕ ಇನ್ನೂ ಬ್ರಿಟಿಷರ ಕೈಕೆಳಗಿದ್ದ ಕಾಲದ, ಆಮೇಲೆ ಅವರ ವಿರುದ್ಧ ತಿರುಗಿ ಬಿದ್ದ ಕಾಲದ ರಾಜಕಾರಣಿಗಳ ಜೀವನಚರಿತ್ರೆಗಳು ಅಲ್ಲಿವೆ. ಎಲ್ಲ ಇಂಗ್ಲಿಷ್ ಪುಸ್ತಕಗಳೇ. ಮೂರು ಸಾಲು ತುಂಬಾ.

ಬೇರೆ ಕಡೆ ಈ ವಿಷಯ ಕೇಳಿದರೆ ವಾಷಿಂಗ್ಟನ್ ಒಂದು, ಜೆಫರ್ಸನ್ ಒಂದು, ಹ್ಯಾಮಿಲ್ಟನ್ ಒಂದು ಕೊಟ್ಟು ಕಳಿಸುತ್ತಾರೆ. ಇಲ್ಲಿ ಹಾಗಲ್ಲ. ಅಂಗಡಿಯವರು ಪುಸ್ತಕಗಳನ್ನು ಅಕ್ಷರದ ಪ್ರಕಾರ ಜೋಡಿಸಿಲ್ಲ. ಯಾರು ಯಾರ ಜೊತೆ ಜಗಳ ಆಡಿದರೋ ಅವರನ್ನು ಅಕ್ಕಪಕ್ಕ ಇಟ್ಟಿದ್ದಾರೆ. ಮೊದಲ ಸಲ ನಾನು ಬೆಂಜಮಿನ್ ಫ್ರಾಂಕ್ಲಿನ್ ಪುಸ್ತಕ ಕೈಗೆತ್ತಿಕೊಂಡಾಗ ಅವರು ಪಕ್ಕದಲ್ಲಿದ್ದ ಇನ್ನೊಂದನ್ನು ಎಳೆದು ಅದರ ಮೇಲಿಟ್ಟರು. "ಇದೊಂದೇ ಓದ್ಬೇಡಿ ಮೇಡಂ, ಇಬ್ಬರನ್ನೂ ಓದಿ. ಹಿಡಿಸಲಿಲ್ಲ ಅಂದ್ರೆ ವಾಪಸ್ ತಗೋತೀನಿ" ಅಂದರು.

ಆ ಇನ್ನೊಂದು ಪುಸ್ತಕ ಥಾಮಸ್ ಹಚಿನ್ಸನ್‌ನದು. ಅವನ ಹೆಸರನ್ನೇ ನಾನು ಕೇಳಿರಲಿಲ್ಲ. ಬೋಸ್ಟನ್‌ನಲ್ಲೇ ಹುಟ್ಟಿದವನು, ಮ್ಯಾಸಚೂಸೆಟ್ಸ್‌ನ ಗವರ್ನರ್ ಆದವನು, ಕೊನೆವರೆಗೂ ಬ್ರಿಟಿಷ್ ರಾಜನ ಕಡೆ ನಿಂತವನು. ಅಲ್ಲಿನ ಕಾಗದಪತ್ರಗಳ ಮೇಲೆ ಬ್ರಿಟಿಷರು ತೆರಿಗೆ ಹಾಕಿದ ಸ್ಟಾಂಪ್ ಕಾಯ್ದೆ ಅವನಿಗೂ ಸರಿ ಕಂಡಿರಲಿಲ್ಲ. ಆದರೂ ಆ ಕಾಯ್ದೆಯ ಸಿಟ್ಟನ್ನು ಜನ ಅವನ ಮೇಲೆಯೇ ತೀರಿಸಿಕೊಂಡರು. 1765ರ ಆಗಸ್ಟ್ 26ರ ರಾತ್ರಿ ಮನೆಗೆ ನುಗ್ಗಿ, ಇದ್ದಬದ್ದದ್ದನ್ನೆಲ್ಲ ಒಡೆದು, ದುಡ್ಡು ಬೆಳ್ಳಿ ಹೊತ್ತುಕೊಂಡು, ಅವನು ಬರೆಯುತ್ತಿದ್ದ ಆ ಸೀಮೆಯ ಇತಿಹಾಸದ ಹಸ್ತಪ್ರತಿಯನ್ನೂ ಬೀದಿ ಕೆಸರಿಗೆ ಎಸೆದರು. ಪುಣ್ಯಕ್ಕೆ ಹಾಳೆಗಳನ್ನು ಆರಿಸಿ ತಂದುಕೊಟ್ಟವರಿದ್ದರು, ಅವನು ಅದನ್ನು ಮುಗಿಸಿ ಅಚ್ಚು ಹಾಕಿಸಿದ. ಇದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಸ್ವಾತಂತ್ರ್ಯಕ್ಕಾಗಿ ಎದ್ದ ಜನ ಅಂತ ಒಂದೇ ಸಾಲಲ್ಲಿ ಶಾಲೆಯಲ್ಲಿ ಓದಿದ್ದೆವು, ಅಲ್ವಾ, ಆ ಜನ ಒಬ್ಬರ ಮನೆ ಬಾಗಿಲಿಗೆ ಬಂದಾಗ ಒಳಗಿದ್ದವರಿಗೆ ಹೇಗಿತ್ತು ಅಂತ ಯಾವತ್ತೂ ಯೋಚಿಸಿರಲಿಲ್ಲ.

ಹಾಗಂತ ಹಚಿನ್ಸನ್ ಬರೀ ಪಾಪದವನೂ ಅಲ್ಲ. 1773ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಚಹಾ ಬೋಸ್ಟನ್‌ಗೆ ಬಂದಾಗ ಅದನ್ನು ಮಾರುವ ಹಕ್ಕು ಸಿಕ್ಕವರಲ್ಲಿ ಅವನ ಮಕ್ಕಳೂ ಇದ್ದರು. ಸುಂಕ ಕಟ್ಟದೆ ಹಡಗು ಬಿಡುವುದಿಲ್ಲ ಅಂತ ಪಟ್ಟು ಹಿಡಿದ. ಡಿಸೆಂಬರ್ 16ರ ರಾತ್ರಿ ಸಿಟ್ಟಿಗೆದ್ದ ಜನರ ಕೈಲಿ 342 ಪೆಟ್ಟಿಗೆ ಚಹಾ ನೀರು ಪಾಲಾಯಿತು. ಮರುವರ್ಷ ಇಂಗ್ಲೆಂಡಿಗೆ ಹೋದವನು 1780ರಲ್ಲಿ ಅಲ್ಲೇ ತೀರಿಕೊಂಡ, ತನ್ನೂರು ಮತ್ತೆ ನೋಡಲಿಲ್ಲ.

ಈಗ ಫ್ರಾಂಕ್ಲಿನ್ ಕಡೆಗೆ ಬನ್ನಿ. ಹಚಿನ್ಸನ್ ಲಂಡನ್‌ಗೆ ಬರೆದಿದ್ದ ಖಾಸಗಿ ಪತ್ರಗಳು ಆಗ ಅಲ್ಲೇ ಅಮೆರಿಕದವರ ಪ್ರತಿನಿಧಿಯಾಗಿದ್ದ ಫ್ರಾಂಕ್ಲಿನ್ ಕೈಗೆ ಸಿಕ್ಕವು, ಅವನು ಅವನ್ನು ಬೋಸ್ಟನ್‌ಗೆ ಕಳಿಸಿಬಿಟ್ಟ. ಅಲ್ಲಿ ಅಚ್ಚಾಗಿ ದೊಡ್ಡ ರಂಪ ಆಯಿತು. 1774ರ ಜನವರಿಯಲ್ಲಿ ಲಂಡನ್‌ನಲ್ಲಿ ತುಂಬಿದ ಸಭೆಯ ಮುಂದೆ ಫ್ರಾಂಕ್ಲಿನ್‌ನನ್ನು ನಿಲ್ಲಿಸಿ ಬೈದರು, ಅವನು ಒಂದು ಮಾತೂ ಆಡದೆ ನಿಂತಿದ್ದ. ಫ್ರಾಂಕ್ಲಿನ್ ಪುಸ್ತಕ ಓದುವಾಗ ಅವಮಾನ ನಮಗೇ ಆದಂತೆ ಅನ್ನಿಸುತ್ತದೆ. ಹಚಿನ್ಸನ್ ಪುಸ್ತಕ ಓದುವಾಗ ಇನ್ನೊಬ್ಬರ ಪತ್ರ ಯಾಕೆ ಕಳಿಸಬೇಕಿತ್ತು ಅಂತ ಸಿಟ್ಟು ಬರುತ್ತದೆ. ಎರಡೂ ನಿಜ. ಅದಕ್ಕಿಂತ ಜಾಸ್ತಿ ನನ್ನನ್ನು ಕಾಡಿದ್ದು ಫ್ರಾಂಕ್ಲಿನ್ ಮಗ ವಿಲಿಯಂ. ಅವನು ನ್ಯೂಜರ್ಸಿಯ ಗವರ್ನರ್, ರಾಜನ ಪಕ್ಷ ಬಿಡಲಿಲ್ಲ, ಜೈಲಿಗೂ ಹೋದ. ಯುದ್ಧ ಮುಗಿದ ಮೇಲೆ 1785ರಲ್ಲಿ ಅಪ್ಪ ಮಗ ಸೌತಾಂಪ್ಟನ್‌ನಲ್ಲಿ ಒಮ್ಮೆ ಭೇಟಿಯಾದರು. ಮನಸ್ಸು ಕೂಡಲಿಲ್ಲ.

ಮೂರನೆಯದು ಜಾನ್ ಆಡಮ್ಸ್. 1770ರಲ್ಲಿ ಬೋಸ್ಟನ್ ಬೀದಿಯಲ್ಲಿ ಗುಂಡು ಹಾರಿಸಿದ ಬ್ರಿಟಿಷ್ ಸೈನಿಕರ ಪರವಾಗಿ ವಾದ ಮಾಡಿದ ವಕೀಲ ಇವನೇ. ಎಂಟು ಸೈನಿಕರಲ್ಲಿ ಆರು ಜನ ಬಿಡುಗಡೆಯಾದರು. ನನಗೆ ಸಿಕ್ಕ ಪ್ರತಿಯಲ್ಲಿ ಸರಿಯಾಗಿ ಈ ವಿಚಾರಣೆಯ ಮಧ್ಯದ ಹಾಳೆಗಳೇ ಇರಲಿಲ್ಲ. ಬೇಜಾರಾಯಿತು. ವಾಪಸ್ ಕೊಟ್ಟಾಗ ಮರುಮಾತಾಡದೆ ತೆಗೆದುಕೊಂಡರು, ಆದರೆ ಬೇರೆ ಪ್ರತಿ ಬರಲು ಒಂದು ತಿಂಗಳು ಆಯಿತು. ದಪ್ಪ ಪುಸ್ತಕ ಕೊಳ್ಳುವ ಮೊದಲು ಅಲ್ಲೇ ನಿಂತು ಪೂರ್ತಿ ತಿರುವಿ ನೋಡಿ. ಕಪಾಟಿನ ಹತ್ತಿರ ಬೆಳಕು ಕಡಿಮೆ, ಮೊಬೈಲ್ ಟಾರ್ಚ್ ಹಾಕಿಕೊಳ್ಳಬೇಕು. ಹೆಂಗಸರ ಪುಸ್ತಕಗಳೂ ಕಡಿಮೆ. ಜಾನ್ ಆಡಮ್ಸ್ ಹೆಂಡತಿ ಅಬಿಗೇಲ್ ಆಡಮ್ಸ್ ಮೇಲೆ ಒಂದೇ ಒಂದು ಇದೆ. ಆ ಯುದ್ಧದ ಇತಿಹಾಸವನ್ನು 1805ರಲ್ಲೇ ಬರೆದು ಪ್ರಕಟಿಸಿದ ಮರ್ಸಿ ಓಟಿಸ್ ವಾರನ್ ಮೇಲೆ ಒಂದೂ ಇಲ್ಲ. ಹೇಳಿದ್ದೇನೆ, ಹುಡುಕುತ್ತೇನೆ ಅಂದಿದ್ದಾರೆ.

ವಾಷಿಂಗ್ಟನ್ ಪಕ್ಕದಲ್ಲಿ ಯಾರಿದ್ದಾರೆ ಗೊತ್ತಾ? ಕಾರ್ನ್‌ವಾಲಿಸ್. 1781ರ ಅಕ್ಟೋಬರ್‌ನಲ್ಲಿ ಯಾರ್ಕ್‌ಟೌನ್‌ನಲ್ಲಿ ವಾಷಿಂಗ್ಟನ್‌ಗೆ ಸೋತು ಶರಣಾದ, ಮೈಗೆ ಹುಷಾರಿಲ್ಲ ಅಂತ ಹೇಳಿ ತನ್ನ ಕೆಳಗಿನವನ ಕೈಲಿ ಕತ್ತಿ ಕಳಿಸಿದ ಅದೇ ಬ್ರಿಟಿಷ್ ಸೇನಾಪತಿ. ಹತ್ತು ವರ್ಷ ಕಳೆಯುವುದರೊಳಗೆ, 1791ರ ಮಾರ್ಚ್ 21ರಂದು, ಅವನ ಸೈನ್ಯ ನಮ್ಮ ಬೆಂಗಳೂರು ಕೋಟೆಯ ಗೋಡೆ ಒಡೆದು ಒಳಗೆ ನುಗ್ಗಿತು. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಹೋಯಿತು, ಇಬ್ಬರು ಮಕ್ಕಳು ಒತ್ತೆಯಾದರು. ಇನ್ನೊಂದು ವಿಷಯ ಅಂಗಡಿಯವರೇ ಹೇಳಿದ್ದು. 1782ರಲ್ಲಿ ಪೆನ್ಸಿಲ್ವೇನಿಯಾದವರು ಬ್ರಿಟಿಷರ ಮೇಲೆ ಬಿಟ್ಟ ಒಂದು ಯುದ್ಧನೌಕೆಗೆ ಹೈದರ್ ಅಲಿಯ ಹೆಸರಿಟ್ಟಿದ್ದರು. ನಮ್ಮ ಹೈದರ್! ನಾನು ಕಾರ್ನ್‌ವಾಲಿಸ್ ಪುಸ್ತಕ ಬ್ಯಾಗಿಗೆ ಹಾಕಿಕೊಂಡು ಸೀದಾ ಸಿಟಿ ಮಾರ್ಕೆಟ್ ಹತ್ತಿರದ ಕೋಟೆಗೆ ಹೋದೆ. ಗೋಡೆ ಒಡೆದ ಜಾಗದಲ್ಲಿ ಕಲ್ಲು ಹಾಕಿದ್ದಾರೆ, ತಾರೀಖು ಸಮೇತ. ಎಷ್ಟು ಸಲ ಬಸ್ಸಿನಲ್ಲಿ ಆ ಕಲ್ಲಿನ ಮುಂದೆ ಹಾದುಹೋಗಿದ್ದೇನೋ. ಅವತ್ತು ಅರ್ಧ ಗಂಟೆ ಅಲ್ಲೇ ನಿಂತಿದ್ದೆ.

ಬೆಲೆ 250ರಿಂದ 500 ರೂಪಾಯಿ ಒಳಗೆ. ಓದಿ ವಾಪಸ್ ಕೊಟ್ಟರೆ ಅರ್ಧ ದುಡ್ಡಿಗೆ ಬೇರೆ ಪುಸ್ತಕ ಒಯ್ಯಬಹುದು, ನಾನು ಹಚಿನ್ಸನ್‌ನನ್ನು ಮಾತ್ರ ಕೊಡಲಿಲ್ಲ. ಶನಿವಾರ ಬೆಳಿಗ್ಗೆ ಹೋದರೆ ಅಂಗಡಿಯವರಿಗೆ ಮಾತಾಡಲು ಪುರುಸೊತ್ತು ಇರುತ್ತದೆ. ಜಾನ್ ಡಿಕಿನ್ಸನ್ ಪುಸ್ತಕ ನನಗೆ ಅಂತ ತೆಗೆದಿಟ್ಟಿದ್ದಾರೆ. ಸ್ವಾತಂತ್ರ್ಯದ ಮತ ಹಾಕುವ ದಿನ ಹೊರಗುಳಿದು, ಆಮೇಲೆ ಅದೇ ಸ್ವಾತಂತ್ರ್ಯಕ್ಕಾಗಿ ಬಂದೂಕು ಹಿಡಿದು ಹೋದವನು. ಅವನ ಪಕ್ಕಕ್ಕೆ ಯಾರನ್ನು ಕೊಡುತ್ತೀರಿ ಅಂತ ಕೇಳಿದೆ. "ಆಡಮ್ಸ್‌ನೇ ಇನ್ನೊಂದ್ಸಲ ಓದಿ ಮೇಡಂ, ಈ ಸಲ ಹಾಳೆ ಎಲ್ಲ ಇವೆ" ಅಂದರು.