ಮರದ ಹಲಗೆಯೋ, ಸೀಸದ ಮೊಳೆಯೋ: ಒಂದೇ ಸಾಲನ್ನು ಎರಡು ರೀತಿ ಅಚ್ಚು ಹಾಕಿದೆ

ಈ ಸಲದ ಯುಗಾದಿ ಕಾರ್ಡಿಗೆ ಎರಡು ದಾರಿ ಹಿಡಿದೆ. ಒಂದು, ಹಳೆಯ ಚೀನಾದ ಹಾಗೆ ಹಲಗೆ ಕೆತ್ತುವುದು. ಇನ್ನೊಂದು, ಸೀಸದ ಮೊಳೆ, ಅಂದರೆ ಒಂದೊಂದು ಅಕ್ಷರದ ಬಿಡಿ ಅಚ್ಚು, ಜೋಡಿಸುವುದು. ಸಾಲು ಮಾತ್ರ ಒಂದೇ: ‘ಯುಗಾದಿ ಹಬ್ಬದ ಶುಭಾಶಯ’.

ಚೀನಾದವರು ಮರಸೇಬಿನ ಮರ ಬಳಸುತ್ತಿದ್ದರು. ನಾನು ಚನ್ನಪಟ್ಟಣದ ಗೊಂಬೆ ಮಾಡುವ ಆಲೆ ಮರದ ಹಲಗೆ ತಂದೆ. ತೆಳು ಕಾಗದದಲ್ಲಿ ಬರೆದು ಬೋರಲಾಗಿ ಅಂಟಿಸಿದರೆ ಅಕ್ಷರ ತಾನೇ ತಿರುವುಮುರುವಾಗುತ್ತದೆ. ಆಮೇಲೆ ಅಕ್ಷರ ಬಿಟ್ಟು ಉಳಿದದ್ದನ್ನೆಲ್ಲ ಕೆತ್ತಿ ತೆಗೆಯಬೇಕು. ಹತ್ತು ಅಕ್ಷರಕ್ಕೆ ಮೂರು ಸಂಜೆ ಹಿಡಿಯಿತು. ನಮ್ಮದು ದುಂಡು ಲಿಪಿ ಅಲ್ವಾ, ಮರದ ಎಳೆಗೆ ಅಡ್ಡ ತಿರುಗುವ ಕಡೆಯೆಲ್ಲ ಸಿಬಿರೇಳುತ್ತದೆ. ಎರಡನೇ ಸಂಜೆ ‘ಶು’ವಿನ ಕೊಂಬೇ ಹಾರಿಹೋಯಿತು. ಹಿಂದಿನವರು ಮಾಡುತ್ತಿದ್ದ ಹಾಗೆ ಅಷ್ಟು ಜಾಗ ಕೊರೆದು, ಹೊಸ ಮರದ ತುಂಡು ಕೂರಿಸಿ, ಮತ್ತೆ ಕೆತ್ತಿದೆ.

ಅಚ್ಚು ಹಾಕುವುದು ಮಾತ್ರ ಬಹಳ ಸುಖ. ಯಂತ್ರವೇ ಬೇಡ. ಕಾಡಿಗೆ ಮಸಿ ಸವರಿ, ಕಾಗದ ಹಾಸಿ, ಅದರ ಬೆನ್ನನ್ನು ಒಣ ಬ್ರಷ್ಷಿನಿಂದ ಉಜ್ಜಿದರೆ ಸಾಕು. ಚೀನಾದ ದುನ್‌ಹುವಾಂಗ್ ಗುಹೆಯಲ್ಲಿ ಸಿಕ್ಕ 868ರ ಬೌದ್ಧ ಗ್ರಂಥ ವಜ್ರಸೂತ್ರ ಮೂಡಿದ್ದೂ ಮರದ ಹಲಗೆಯಿಂದಲೇ.

ಮೊಳೆ ಜೋಡಿಸುವುದು ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ಹಳೆಯ ಮುದ್ರಣಾಲಯವೊಂದರಲ್ಲಿ ಕೇಸಿನ, ಅಂದರೆ ಮೊಳೆ ಇಡುವ ಮನೆಮನೆಯ ಪೆಟ್ಟಿಗೆಯ, ಮುಂದೆ ನಿಂತಾಗ ದಿಗಿಲಾಯಿತು. ಕಾಗುಣಿತದ ಒಂದೊಂದು ರೂಪಕ್ಕೂ ಬೇರೆ ಮನೆ, ಒತ್ತಿಗೆ ಮತ್ತೆ ಬೇರೆ ಮೊಳೆ. ಹುಡುಕುವುದರಲ್ಲೇ ಒಂದು ಗಂಟೆ ಹೋಯಿತು. ಚೀನಾದ ಬಿ ಶೆಂಗ್ ಎಂಬಾತ 1040ರ ದಶಕದಲ್ಲೇ ಮಣ್ಣಿನ ಬಿಡಿ ಮೊಳೆ ಸುಟ್ಟು ತೋರಿಸಿದ್ದ. ಆದರೂ ಚೀನಾ ಶತಮಾನಗಳ ಕಾಲ ಹಲಗೆಯನ್ನೇ ನೆಚ್ಚಿಕೊಂಡಿತು. ಯಾಕೆ ಅಂತ ಅಲ್ಲಿ ಹೊಳೆಯಿತು. ನಮಗೆ ನೂರಾರು ಮೊಳೆಯಾದರೆ ಅವರಿಗೆ ಸಾವಿರಾರು.

ಮಸಿಯೂ ಬೇರೆ. ನೀರಿನ ಮಸಿ ಲೋಹದ ಮೇಲೆ ಸರಿಯಾಗಿ ಹರಡದೆ ಹನಿಹನಿಯಾಗುತ್ತದೆ. ಗುಟೆನ್‌ಬರ್ಗ್ ಬಳಸಿದಂತೆ ಎಣ್ಣೆ ಮಸಿಯೇ ಬೇಕು. ಆದರೆ ತಪ್ಪು ತಿದ್ದುವುದರಲ್ಲಿ ಮೊಳೆಗೆ ಸಾಟಿಯಿಲ್ಲ. ಚಿಮುಟದಲ್ಲಿ ಒಂದನ್ನು ಎತ್ತಿ ಇನ್ನೊಂದನ್ನು ಇಟ್ಟರಾಯಿತು. ಕಾಲಿನಿಂದ ನಡೆಸುವ ಅಚ್ಚಿನ ಯಂತ್ರ ಟ್ರೆಡಲ್ ತುಳಿದರೆ ನೂರು ಕಾರ್ಡು ಅರ್ಧ ಗಂಟೆಯಲ್ಲಿ ಸಿದ್ಧ. ಒಬ್ಬೊಬ್ಬರ ಹೆಸರು ಬದಲಿಸುತ್ತಾ ಅಚ್ಚು ಹಾಕುವುದಾದರೆ ನಾನು ಹಲಗೆಯ ಹತ್ತಿರವೂ ಹೋಗುವುದಿಲ್ಲ.

ಆದರೆ ಈ ಸಾಲು ಪ್ರತಿ ವರ್ಷವೂ ಇದೇ. ಮೊಳೆಗಳನ್ನು ಅದೇ ಸಂಜೆ ಬಿಡಿಸಿ ಕೇಸಿಗೆ ಹಾಕಬೇಕಾಯಿತು. ಹಲಗೆ ಹಾಗೇ ಇದೆ. ಕೊರಿಯಾದ ಹೇಇನ್ಸಾ ವಿಹಾರದಲ್ಲಿ 13ನೇ ಶತಮಾನದಲ್ಲಿ ಕೆತ್ತಿದ ಬೌದ್ಧ ಗ್ರಂಥಗಳ 80 ಸಾವಿರಕ್ಕೂ ಹೆಚ್ಚು ಹಲಗೆಗಳು ಇವತ್ತಿಗೂ ಸಾಲಾಗಿ ನಿಂತಿವೆ. ನನ್ನದು ಒಂದೇ ಒಂದು, ಅದರಲ್ಲಿ ನನ್ನ ಕೈಬರಹವಿದೆ. ತೇವ ತಾಗದಂತೆ ಬಟ್ಟೆ ಸುತ್ತಿ ಅಟ್ಟದ ಮೇಲಿಟ್ಟಿದ್ದೇನೆ. ಮುಂದಿನ ಯುಗಾದಿಗೆ ಮಸಿ ಕಲಸಿದರೆ ಸಾಕು.